ಕ್ಯಾನ್ಸರ್ ಸಿಕ್ಕಿತು, ಹುಳ ತಪ್ಪಿತು

ಎಂಡೋಸ್ಕೋಪಿಯಲ್ಲಿ ಜಠರದಿಂದ ಚಿವುಟಿ ತೆಗೆದ ಆರು ಚೂರು, ಎಲ್ಲ ಒಂದೇ ಸ್ಲೈಡಿನಲ್ಲಿ. ಎರಡನೆಯ ಚೂರಿನಲ್ಲೇ ಅಡಿನೋಕಾರ್ಸಿನೋಮ, ಅಂದರೆ ಗ್ರಂಥಿಯಿಂದ ಹುಟ್ಟುವ ಕ್ಯಾನ್ಸರ್, ಎದ್ದು ಕಾಣುತ್ತಿತ್ತು. ವರದಿ ಬರೆದು ಸಹಿ ಹಾಕಿದೆ. ಮಿಕ್ಕವುಗಳ ಮೇಲೆ ಕಣ್ಣು ಹಾಯಿಸಿದ್ದೆ, ನೋಡಿರಲಿಲ್ಲ.

ನಾಲ್ಕು ದಿನ ಬಿಟ್ಟು ಕ್ಯಾನ್ಸರ್ ವೈದ್ಯರಾದ ಅಂಕಾಲಜಿಸ್ಟ್, ಯಾವ ಔಷಧ ಹಿಡಿಸೀತು ಎಂದು ತಿಳಿಯಲು ಗಡ್ಡೆಯ ಮೇಲೆ ಮಾಡುವ ಹರ್-2 ಪರೀಕ್ಷೆ ಕೇಳಿದರು. ಚೂರುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಲ್ಲಿ ಗಡ್ಡೆ ಎಷ್ಟಿದೆ ಎಂದು ತಿಳಿಯಲು ಸ್ಲೈಡ್ ಮತ್ತೆ ತೆಗೆದೆ. ಐದನೆಯ ಚೂರಿನಲ್ಲಿ ಗಡ್ಡೆ ಇಲ್ಲ, ಆದರೆ ಕುಂಕುಮ ಚೆಲ್ಲಿದ ಹಾಗೆ ಇಯೊಸಿನೊಫಿಲ್, ಅಲರ್ಜಿಯಲ್ಲೋ ಹುಳದ ಸೋಂಕಿನಲ್ಲೋ ಹೆಚ್ಚುವ ಬಿಳಿ ರಕ್ತಕಣ. ಗ್ರಂಥಿಯ ಬುಡದಲ್ಲೊಂದು ನೇರಳೆ ಉಂಗುರ. ಓರೆಯಾಗಿ ತುಂಡಾದ ಗ್ರಂಥಿ ಇರಬೇಕು ಅಂದುಕೊಂಡೆ. 40ರ ಲೆನ್ಸ್ ತಿರುಗಿಸಿದರೆ ಅದಕ್ಕೆ ತನ್ನದೇ ಹೊರಪೊರೆ, ಒಳಗೆ ತನ್ನದೇ ಕರುಳು!

ಬ್ಲಾಕಿನಿಂದ ಇನ್ನೂ ಆಳದ ಸೆಕ್ಷನ್, ಅಂದರೆ ತೆಳು ಪದರ, ಕತ್ತರಿಸಿ ಕೊಡಬೇಕೆಂದೆ. "ಮೇಡಂ, ಹೀಗೆ ಕತ್ತರಿಸ್ತಾ ಹೋದ್ರೆ ಹರ್-2ಗೆ ಏನೂ ಉಳಿಯಲ್ಲ" ಅಂದ ಟೆಕ್ನೀಶಿಯನ್. ಅವನ ಮಾತೇ ಸರಿ. ಮೊದಲು ಅದಕ್ಕೆ ಬೇಕಾದಷ್ಟು ಎತ್ತಿಟ್ಟು ಆಮೇಲೆ ಮುಂದುವರಿದೆವು. ಮೂರನೆಯ ಸೆಕ್ಷನ್ನಿನಲ್ಲಿ ಹೆಣ್ಣು ಹುಳ ಉದ್ದಕ್ಕೆ ಸಿಕ್ಕಿತು; ಪಕ್ಕದ ಗ್ರಂಥಿಗಳಲ್ಲಿ ಮೊಟ್ಟೆ, ಮರಿ. ಸ್ಟ್ರಾಂಜಿಲಾಯ್ಡಿಸ್ ಎಂಬ ದಾರದಂಥ ಕರುಳುಹುಳ. ಕೊಕ್ಕೆಹುಳವಾಗಿದ್ದರೆ ಒಳಪದರವನ್ನು ಕಚ್ಚಿಕೊಂಡು ಹೊರಗೇ ಇರುತ್ತಿತ್ತು, ಹೀಗೆ ಗ್ರಂಥಿಯೊಳಗೆ ಸಂಸಾರ ಹೂಡುತ್ತಿರಲಿಲ್ಲ.

ತಿದ್ದಿದ ವರದಿ ಆಮೇಲೆ ಬರೆದರಾಯಿತು ಎಂದು ಮೊದಲು ಅಂಕಾಲಜಿಸ್ಟರಿಗೆ ಫೋನ್ ಹಚ್ಚಿದೆ. "ಸರ್, ಡೆಕ್ಸಾ ಕೊಟ್ಟಿದ್ದೀರಾ?" "ಇಲ್ಲ, ಸೋಮವಾರ ಕೀಮೋ ಜೊತೆ." ವಾಂತಿ ತಡೆಯಲು ಕೊಡುವ ಆ ಡೆಕ್ಸಾಮೆಥಾಸೋನ್ ಸ್ಟೀರಾಯ್ಡೇ ಇಲ್ಲಿ ಅಪಾಯ. ಈ ಹುಳ ದೇಹದೊಳಗೇ ಮತ್ತೆ ಮತ್ತೆ ಸೋಂಕು ಹಚ್ಚಿಕೊಂಡು ದಶಕಗಟ್ಟಲೆ ತೆಪ್ಪಗಿರಬಲ್ಲದು. ಸ್ಟೀರಾಯ್ಡ್ ಬಿದ್ದರೆ ಮರಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳಿನ ಬ್ಯಾಕ್ಟೀರಿಯಾವನ್ನೂ ಹೊತ್ತುಕೊಂಡು ಶ್ವಾಸಕೋಶ, ಮಿದುಳಿನವರೆಗೂ ನುಗ್ಗುತ್ತವೆ. ಆಗ ಕ್ಯಾನ್ಸರಿಗಿಂತ ಮೊದಲು ಹುಳವೇ ಕೊಲ್ಲಬಹುದು. ಮಲಪರೀಕ್ಷೆ ಒಮ್ಮೆ ಆಗಿತ್ತಂತೆ, ಏನೂ ಸಿಕ್ಕಿರಲಿಲ್ಲ. ಒಂದೇ ಸಲಕ್ಕೆ ಸಿಗದಿರುವುದು ಮಾಮೂಲು.

ಕೀಮೋ ಮುಂದಕ್ಕೆ ಹೋಯಿತು. ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ ಹುಳ ಕೊಲ್ಲುವ ಐವರ್ಮೆಕ್ಟಿನ್ ಮಾತ್ರೆ ಕೊಟ್ಟರು.

ವರದಿ ಒಯ್ಯಲು ಬಂದ ರೋಗಿಯ ಮಗ ಕೇಳಿದ: "ಈ ಹುಳದಿಂದಲೇ ಕ್ಯಾನ್ಸರ್ ಬಂತಾ ಡಾಕ್ಟ್ರೇ?" ಹಾಗೆ ಹೇಳಲು ಆಧಾರವಿಲ್ಲ ಅಂದೆ. ಥಾಯ್ಲೆಂಡಿನ ಕಡೆಯ ಯಕೃತ್ತಿನ ಚಪ್ಪಟೆ ಹುಳ ಪಿತ್ತನಾಳದ ಕ್ಯಾನ್ಸರಿಗೆ ಕಾರಣ, ಅದು ಸಾಬೀತಾಗಿದೆ. ಇದು ಆ ಸಾಲಿನದ್ದಲ್ಲ. ಮಣ್ಣಿನಿಂದ ಪಾದದ ಚರ್ಮದ ಮೂಲಕ ಒಳಹೊಕ್ಕಿರುತ್ತದೆ ಎಂದಾಗ ಮಾತ್ರ ಅವನು ತಲೆಯಾಡಿಸಿದ: "ಅಪ್ಪ ಅಡಿಕೆ ತೋಟಕ್ಕೆ ಚಪ್ಪಲಿ ಹಾಕಿ ಹೋದದ್ದೇ ಇಲ್ಲ."

ಆ ಸ್ಲೈಡ್ ಈಗ ಪಾಠದ ಡಬ್ಬಿಯಲ್ಲಿದೆ. ಪಿಜಿ ಹುಡುಗರಿಗೆ ಕೊಡುತ್ತೇನೆ. ಹೆಚ್ಚಿನವರು ಎರಡೇ ನಿಮಿಷದಲ್ಲಿ ಅಡಿನೋಕಾರ್ಸಿನೋಮ ಅಂತ ಬರೆದು ಏಳುತ್ತಾರೆ. ಐದನೇ ಚೂರಿನಲ್ಲಿ ಇಷ್ಟು ಇಯೊಸಿನೊಫಿಲ್ ಯಾಕಪ್ಪ ಅಂದರೆ ಮತ್ತೆ ಕೂರುತ್ತಾರೆ.