ಹಾರರ್ ಟ್ರೇಲರಿಗೆ ಹನ್ನೆರಡು ಫ್ರೇಮ್ ನಿಶ್ಶಬ್ದ: ನನ್ನ ಅನುಭವ

ನಾನು ಎಡಿಟ್ ಮಾಡಿದ ಹಾರರ್ ಟ್ರೇಲರಿನ ಒಂದು ಶಾಟ್‌ನಲ್ಲಿ ಹನ್ನೆರಡು ಫ್ರೇಮ್‌ಗಳ (ಚಲನಚಿತ್ರದ ಒಂದೊಂದು ಸ್ಥಿರ ಚಿತ್ರವೇ ಫ್ರೇಮ್) ನಿಶ್ಶಬ್ದಕ್ಕಾಗಿ ನಿರ್ಮಾಪಕರೊಂದಿಗೆ ಹೆಚ್ಚುಕಡಿಮೆ ಒಂದೂವರೆ ತಿಂಗಳು ವಾದಿಸಿದ್ದೇನೆ. "ಸದ್ದೇ ಇಲ್ಲದಿದ್ದರೆ ಜನ ಹೆದರುವುದು ಹೇಗೆ?" ಎಂಬುದು ಅವರ ಪ್ರಶ್ನೆಯಾಗಿತ್ತು. ಕಳೆದ ತಿಂಗಳು ಚಿತ್ರಮಂದಿರದಲ್ಲಿ ಅದೇ ಶಾಟ್‌ಗೆ ನಮ್ಮ ಮುಂದಿನ ಎರಡು ಸಾಲಿನವರು ಒಟ್ಟಿಗೆ ಬೆಚ್ಚಿದ್ದನ್ನು ಅವರು ನನ್ನ ಪಕ್ಕದಲ್ಲೇ ಕುಳಿತು ನೋಡಿದರು.

ಮೊದಲ ಮೂರು ಕಟ್‌ಗಳು, ಅಂದರೆ ಎಡಿಟ್ ಮಾಡಿದ ಆವೃತ್ತಿಗಳು, ಸೋತಿದ್ದವು. ಎರಡು ನಿಮಿಷದೊಳಗೆ ಹನ್ನೊಂದೋ ಹನ್ನೆರಡೋ ಸ್ಟಿಂಗ್ (ಬೆಚ್ಚಿಬೀಳಿಸುವ ದಿಢೀರ್ ಸದ್ದು) ತುಂಬಿದ್ದೆ. ಸಿದ್ಧ ಸದ್ದುಗಳ ಸೌಂಡ್ ಪ್ಯಾಕ್‌ಗಳಿಗೆ ಸುಮಾರು 18 ಸಾವಿರ, ಮರುಮಿಕ್ಸಿಂಗಿಗೆ ಮತ್ತೆ 25 ಸಾವಿರದಷ್ಟು ಹೋಯಿತು. ನೋಡಿದವರು ಮೊದಲೆರಡಕ್ಕೆ ಬೆಚ್ಚಿ, ನಾಲ್ಕನೆಯದರ ಹೊತ್ತಿಗೆ ಮೊಬೈಲ್ ಕೈಗೆತ್ತಿಕೊಂಡಿದ್ದರು.

ಆಮೇಲೆ ಎಡಿಟಿಂಗ್ ಟೈಮ್‌ಲೈನ್ ಮುಚ್ಚಿಟ್ಟು ನಲವತ್ತರಷ್ಟು ಟ್ರೇಲರ್‌ಗಳನ್ನು ಪರೀಕ್ಷಿಸಿದೆ. ಪ್ರತಿಯೊಂದನ್ನೂ ಮೊದಲು ಸದ್ದಿಲ್ಲದೆ ನೋಡಿ, ನಂತರ ಪರದೆಗೆ ಟವೆಲ್ ಹೊದಿಸಿ ಕೇವಲ ಸದ್ದು ಕೇಳಿ, ಭಯ ಯಾವ ಕಡೆಯಿಂದ ಬರುತ್ತಿದೆ ಎಂದು ಬರೆದಿಟ್ಟುಕೊಂಡೆ. 1979ರ 'ಏಲಿಯನ್' ಟ್ರೇಲರಿನಲ್ಲಿ ಸಂಭಾಷಣೆಯೇ ಇಲ್ಲ; ಸೈರನ್‌ನಂತಹ ಆ ಕೂಗು ಪರದೆ ಮುಚ್ಚಿದರೂ ಬಿಡುವುದಿಲ್ಲ. 'ದಿ ಶೈನಿಂಗ್'ನ ಪ್ರಸಿದ್ಧ ಟ್ರೇಲರಿನಲ್ಲಿ ಲಿಫ್ಟ್ ಬಾಗಿಲಿನತ್ತ ನೆಟ್ಟ ಕ್ಯಾಮೆರಾ ಕದಲುವುದಿಲ್ಲ, ಹೆಸರುಗಳು ಮೇಲಕ್ಕೆ ಸರಿಯುತ್ತವೆ, ಸಂಗೀತ ಏರುತ್ತದೆ, ಕೊನೆಗೆ ರಕ್ತ ನುಗ್ಗುತ್ತದೆ. ಶಾಟ್‌ಗಳು ಬದಲಾಗುವ ವೇಗವೇ ಭಯ ಎಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು.

ನಮ್ಮ ಟ್ರೇಲರಿನಲ್ಲಿ ಅಜ್ಜಿಯೊಬ್ಬರು ರಾತ್ರಿ ಹಿತ್ತಲ ಬಾಗಿಲಿನ ಚಿಲಕ ತೆಗೆಯುವ ಶಾಟ್ ಇದೆ. ಅಲ್ಲಿ ಸಂಗೀತವನ್ನು ಮಾತ್ರ ನಿಲ್ಲಿಸಿದಾಗ ಏನೂ ಆಗಲಿಲ್ಲ, ಏಕೆಂದರೆ ಕಿವಿಗೆ ಒಗ್ಗಿಹೋದದ್ದು ಇಲ್ಲವಾದಾಗಲೇ ಅದರ ಕೊರತೆ ತಟ್ಟುತ್ತದೆ. ಹಾಗಾಗಿ ಸುಮಾರು ಇಪ್ಪತ್ತು ಸೆಕೆಂಡ್ ಮೊದಲಿನಿಂದಲೇ ಜೀರುಂಡೆಯ ಸದ್ದನ್ನು ಸಣ್ಣಗೆ ಹರಿಸಿ, ಚಿಲಕ ಸರಿದ ಕ್ಷಣದಲ್ಲಿ ರೂಮ್ ಟೋನ್ (ಆ ಜಾಗದ ಸಹಜ ಹಿನ್ನೆಲೆ ಸದ್ದು) ಸಹಿತ ಎಲ್ಲವನ್ನೂ ಕಿತ್ತುಹಾಕಿದೆ. ಎಂಟು ಫ್ರೇಮ್ ಸಾಲಲಿಲ್ಲ, ಇಪ್ಪತ್ತಾದಾಗ ಆಡಿಯೋ ಕೆಟ್ಟಿದೆಯೆಂದು ಜನ ಭಾವಿಸಿದರು. ಹನ್ನೆರಡು, ಅಂದರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅರ್ಧ ಸೆಕೆಂಡ್, ಸರಿಯಾಗಿ ಕೂತಿತು. ನಿಶ್ಶಬ್ದದ ನಂತರ ಬೆಚ್ಚಿಸುವ ಹೊಡೆತದ ಸದ್ದನ್ನು ಪರದೆಯಲ್ಲಿ ಮುಖ ಕಂಡ ಎರಡು ಫ್ರೇಮ್ ನಂತರ ಇಟ್ಟಿದ್ದೇನೆ. ಜೀರುಂಡೆ ನಿಲ್ಲುವ ಮುನ್ನ ಅದಕ್ಕೆ ಮಾಡುವ ಒಂದು ಚಿಕ್ಕ ಬದಲಾವಣೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದರ ನಡುವೆ ಊರಿನ ಬೀಸುವ ಕಲ್ಲಿನ ಸದ್ದನ್ನು ರೆಕಾರ್ಡ್ ಮಾಡಿ, ವೇಗವನ್ನು ಕಾಲು ಭಾಗಕ್ಕಿಳಿಸಿ ನೋಡಿದೆ. ಎರಡು ಆಕ್ಟೇವ್ (ಸಪ್ತಕ) ಕೆಳಗಿಳಿದ ಆ ಗುಡುಗು ಸ್ಟುಡಿಯೋದಲ್ಲಿ ಎದೆಗೆ ತಾಗಿತು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಪೂರ್ತಿ ಮಾಯವಾಗಿತ್ತು. ಸ್ವಲ್ಪ ಡಿಸ್ಟಾರ್ಷನ್ ಕೊಟ್ಟು, ಅಂದರೆ ಸದ್ದನ್ನು ಬೇಕೆಂದೇ ಒರಟಾಗಿಸಿ, ಮೇಲಿನ ಹಾರ್ಮೋನಿಕ್‌ಗಳನ್ನು (ಮೂಲ ಸ್ವರದ ಜೊತೆ ಹುಟ್ಟುವ ಎತ್ತರದ ಸ್ವರಗಳನ್ನು) ಎಬ್ಬಿಸಿದ ಮೇಲೆ ಅಲ್ಲೂ ಕೇಳತೊಡಗಿತು. ಖರ್ಚು ಬಸ್ ಚಾರ್ಜ್ ಮಾತ್ರ. 18 ಸಾವಿರದ ಪ್ಯಾಕ್‌ಗಳಲ್ಲಿ ಇದರಷ್ಟು ಒಳ್ಳೆಯ ಸದ್ದು ನನಗೆ ಸಿಕ್ಕಿರಲಿಲ್ಲ.

ಈಗಿನ ಕಟ್‌ನಲ್ಲಿ ಉಳಿದಿರುವುದು ಎರಡೇ ಸ್ಟಿಂಗ್. ಮೂರನೆಯದನ್ನು ತೆಗೆಯಿರಿ ಎಂದವರು ನಿರ್ಮಾಪಕರೇ.