ಮರದ ಕ್ಲಾರಿನೆಟ್ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಟಾರ್ಚ್ ಇರಲಿ

ಎರಡು ಮೂರು ವರ್ಷ ಪ್ಲಾಸ್ಟಿಕ್ ಕ್ಲಾರಿನೆಟ್ ಊದಿದವರಿಗೆ ಒಂದು ದಿನ ಮರದ್ದು ಬೇಕು ಅನ್ನಿಸಲು ಶುರುವಾಗುತ್ತದೆ. ಮಗಳು ಸ್ಕೂಲ್ ಬ್ಯಾಂಡಿನಲ್ಲಿ ಮುಂದಿನ ಸಾಲಿಗೆ ಬಂದಿರುತ್ತಾಳೆ, ಇಲ್ಲವೇ ಚರ್ಚಿನ ಬ್ಯಾಂಡಿನಲ್ಲಿ ನಿಮ್ಮೊಬ್ಬರಿಗೇ ನಾಲ್ಕು ಸಾಲು ನುಡಿಸಲು ಸಿಕ್ಕಿರುತ್ತದೆ, ಇಲ್ಲವೇ ಮೈಸೂರಿನಲ್ಲಿ ದಸರಾಗೆ ಪೊಲೀಸ್ ಬ್ಯಾಂಡ್ ಕೇಳಿ ಹುಚ್ಚು ಹಿಡಿದಿರುತ್ತದೆ. ಆಸೆ ಸರಿಯೇ. ಆಮೇಲೆ ಆಗುವುದನ್ನು ಮಾತ್ರ ನಾನು ಬಹಳ ಸಲ ನೋಡಿದ್ದೇನೆ. ಫೋಟೊ ನೋಡಿ ದುಡ್ಡು ಕಳಿಸುತ್ತಾರೆ. ಪೆಟ್ಟಿಗೆ ಬರುತ್ತದೆ. ಕರಿ ಮರ, ಥಳಥಳ ಹೊಳೆಯುವ ಕೀಗಳು, ಒಳಗೆಲ್ಲ ವೆಲ್ವೆಟ್. ವಾರ ಕಳೆಯುವುದರೊಳಗೆ ಫೋನ್ ಬರುತ್ತದೆ, "ಸರ್, ಕೆಳಗಿನ ಸ್ವರ ಬರ್ತಾನೇ ಇಲ್ಲ, ಮೇಲಿನದು ಕಿರುಚುತ್ತೆ."

ನಾನೇನು ಜಾಣನಲ್ಲ. ನನ್ನ ಮೊದಲ ಮರದ ಕ್ಲಾರಿನೆಟ್‌ನಲ್ಲಿ ನಾನೂ ಟೋಪಿ ಹಾಕಿಸಿಕೊಂಡವನೇ. ಆ ಕಥೆ ಮುಂದೆ ಬರುತ್ತದೆ.

ಮೊದಲ ಕೆಲಸ: ವಾದ್ಯದ ಅಂಗಡಿಗೆ ಹೋಗಬೇಡಿ, ಬಾಯಿಗಿಡುವ ತುದಿ, ಅಂದರೆ ಮೌತ್‌ಪೀಸ್ ಬದಲಿಸಿ. ಈಗಿರುವ ಪ್ಲಾಸ್ಟಿಕ್ ವಾದ್ಯಕ್ಕೇ ಒಂದು ಒಳ್ಳೆಯ ಮೌತ್‌ಪೀಸ್ ಹಾಕಿ ಒಂದು ತಿಂಗಳು ನುಡಿಸಿ ನೋಡಿ. ವ್ಯಾಂಡೊರೆನ್ ಕಂಪನಿಯ ಬಿ45 ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಗಾಳಿ ಸ್ವಲ್ಪ ಜಾಸ್ತಿ ಬೇಕು. ನನಗೆ ಅದೇ ಕಂಪನಿಯ 5ಆರ್‌ವಿ ಲೈರ್ ಇಷ್ಟ, ಅದರ ಬಾಯಿ ಅಷ್ಟು ಅಗಲವಿಲ್ಲ, ತುಟಿ ಬೇಗ ಸೋಲುವುದಿಲ್ಲ. "ಮರದ ನಾದ" ಎಂದು ನೀವು ಹುಡುಕುತ್ತಿದ್ದುದರಲ್ಲಿ ಅರ್ಧ ಇಲ್ಲೇ ಸಿಕ್ಕಿಬಿಡಬಹುದು. ಸಿಕ್ಕರೆ ದುಡ್ಡು ಉಳಿಯಿತು. ಸಿಗದಿದ್ದರೂ ನಷ್ಟವಿಲ್ಲ, ಇದೇ ಮೌತ್‌ಪೀಸ್ ಹೊಸ ವಾದ್ಯಕ್ಕೂ ಬೇಕೇ ಬೇಕು. ನನ್ನ ಲೆಕ್ಕ ಹೀಗೆ: ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಏಳು ವಾದ್ಯಕ್ಕೆ, ಒಂದೂವರೆ ಮೌತ್‌ಪೀಸ್ ಮತ್ತು ರೀಡಿಗೆ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಅದುರುವ ತೆಳು ಪಟ್ಟಿ), ಉಳಿದ ಒಂದೂವರೆ ರಿಪೇರಿಗೆ. ಹತ್ತಕ್ಕೆ ಹತ್ತನ್ನೂ ವಾದ್ಯದ ಮೇಲೆ ಸುರಿದವರು ಆಮೇಲೆ ಪ್ಯಾಡ್ (ರಂಧ್ರ ಮುಚ್ಚುವ ಕೀಗಳ ಕೆಳಗಿನ ಮೆತ್ತೆ) ಹಾಕಿಸಲು ಸಾಲ ಕೇಳುತ್ತಾರೆ.

ಎರಡನೆಯದು, ಏನು ಬೇಕು ಅನ್ನುವುದು ಗೊತ್ತಿರಲಿ. ನಿಮಗೆ ಬೇಕಾದದ್ದು ಬಿ ಫ್ಲ್ಯಾಟ್ ಶ್ರುತಿ, ಬೋಮ್ ಸಿಸ್ಟಮ್, 17 ಕೀ, ಬೆರಳಿಡುವ ರಂಧ್ರಗಳ ಸುತ್ತ 6 ರಿಂಗ್. ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಗ್ಗ ಸಿಕ್ಕಿತು ಅಂತ ಇ ಫ್ಲ್ಯಾಟ್ (ಇನ್ನೂ ಚಿಕ್ಕದು, ಶ್ರುತಿಯೂ ಏರು) ತರಿಸಿಕೊಂಡು, ಪೆಟ್ಟಿಗೆ ತೆಗೆದಾಗ ಇದೇನು ಮಕ್ಕಳ ವಾದ್ಯವೇ ಎಂದು ಬೆಚ್ಚಿದವರು ನನಗೇ ಗೊತ್ತು. ಬೋಮ್ ಸಿಸ್ಟಮ್ ಅಂದರೆ 1839ರಿಂದ 1843ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಕ್ಲೋಸೆ ಎಂಬ ವಾದಕ ಮತ್ತು ಬ್ಯುಫೆ ಎಂಬ ತಯಾರಕ ಸೇರಿ ರೂಪಿಸಿದ ಕೀಗಳ ಜೋಡಣೆ. ಹಳೆಯ ಬ್ಯಾಂಡ್ ವಾದ್ಯಗಳಲ್ಲಿ ಆಲ್ಬರ್ಟ್ ಸಿಸ್ಟಮ್ ಇರುತ್ತದೆ, ಬೆರಳಿಡುವ ರೀತಿಯೇ ಬೇರೆ. ರಾಗ ಸಂಗೀತ ಕಲಿಯುವವರಾದರೆ ಇಲ್ಲಿ ನಿಲ್ಲಿ. ಕ್ಲಾರಿನೆಟ್‌ನಲ್ಲಿ ರಾಗ ನುಡಿಸುವ ದೊಡ್ಡ ಪರಂಪರೆ ನಮ್ಮಲ್ಲಿದೆ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರ ಹಿಂದೂಸ್ತಾನಿಯನ್ನೋ ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅವರ ಕರ್ನಾಟಕ ಸಂಗೀತವನ್ನೋ ಕೇಳಿದವರಿಗೆ ಇದು ಹೊಸದಲ್ಲ. ನಿಮ್ಮ ಗುರುಗಳು ಯಾವ ಸಿಸ್ಟಮ್ ನುಡಿಸುತ್ತಾರೋ ಅದನ್ನೇ ಕೊಳ್ಳಿ, ನನ್ನ ಚೀಟಿ ಹರಿದು ಹಾಕಿ.

ಮರದ ಬಗ್ಗೆ ಎರಡು ಮಾತು. ಒಳ್ಳೆಯ ಕ್ಲಾರಿನೆಟ್ ಮಾಡುವುದು ಗ್ರೆನಡಿಲ್ಲಾ ಎಂಬ ಆಫ್ರಿಕಾದ ಕರಿಮರದಿಂದ. ಹೆಚ್ಚಾಗಿ ಟಾಂಜಾನಿಯ, ಮೊಜಾಂಬಿಕ್ ಕಡೆಯದು. ನಮ್ಮ ಬೀಟೆ ಮರದ ದಾಯಾದಿಯೇ ಅದು. ನೀರಿಗೆ ಹಾಕಿದರೆ ಮುಳುಗುವಷ್ಟು ಗಟ್ಟಿ. (ದಯವಿಟ್ಟು ವಾದ್ಯ ಮುಳುಗಿಸಿ ನೋಡಬೇಡಿ.) ಇಷ್ಟಾದರೂ ನಾದ ಹುಟ್ಟುವುದು ಮರದ ಗೋಡೆಯಿಂದಲ್ಲ, ಒಳಗಿನ ಗಾಳಿಯ ಕಂಬದಿಂದ. ಕೊಳವೆಯ ಅಳತೆ, ರಂಧ್ರಗಳ ಜಾಗ, ಅಂಚು, ಇವು ಸರಿಯಿದ್ದರೆ ಸ್ವರ ಸರಿ. ದುಬಾರಿ ಮರಕ್ಕೆ ತಯಾರಕರು ಈ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಾರೆ, ಮರದ ವಾದ್ಯ ಮೇಲು ಅನ್ನಿಸುವುದಕ್ಕೆ ಮುಖ್ಯ ಕಾರಣ ಅದು. ಹಾಗಾಗಿ ಅಂತರ್ಜಾಲದಲ್ಲಿ ಜುಜುಬಿ ಬೆಲೆಗೆ ಸಿಗುವ "ರೋಸ್‌ವುಡ್ ಕ್ಲಾರಿನೆಟ್"ಗಳನ್ನು ನಾನು ಶೋಕೇಸಿನ ಸಾಮಾನು ಅನ್ನುತ್ತೇನೆ. ಮರ ನಿಜವೇ ಇರಬಹುದು. ರಂಧ್ರಗಳು ಎಲ್ಲೋ, ಸ್ವರಗಳು ಎಲ್ಲೋ. ಕೀಗಳನ್ನು ಮೆತ್ತನೆಯ ಲೋಹದಲ್ಲಿ ಎರಕ ಹೊಯ್ದಿರುತ್ತಾರೆ, ಬಗ್ಗಿದ್ದನ್ನು ನೆಟ್ಟಗೆ ಮಾಡಲು ಹೋದರೆ ಪಟ್ ಅಂತ ಮುರಿಯುತ್ತವೆ. ಅದರ ಬದಲು ನಿಮ್ಮ ಹಳೆಯ ಪ್ಲಾಸ್ಟಿಕ್ಕೇ ವಾಸಿ.

ಹೊಸದು ಕೊಳ್ಳುವ ಶಕ್ತಿ ಇದ್ದರೆ ಯಮಾಹಾ ವೈಸಿಎಲ್ 450, ಬ್ಯುಫೆ ಕ್ರಾಂಪಾನ್ ಇ11 ಅಥವಾ ಇ12ಎಫ್. ನಾನಾದರೆ ಯಮಾಹಾ. ಅದರ ಶ್ರುತಿ ಒಂದರಿಂದ ಇನ್ನೊಂದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಹಳೆಯದಾದರೆ ಬ್ಯುಫೆ ಇ13, ಅದೇ ಕಂಪನಿ ಹಿಂದೆ ಎವೆಟ್ ಎಂಬ ಹೆಸರಿನಲ್ಲಿ ಮಾರಿದ್ದು, ಲೆಬ್ಲಾಂಕ್ ಕುಟುಂಬದ ನೋಬ್ಲೆ. ಅಮೆರಿಕದಲ್ಲಿ ಮಕ್ಕಳು ಸ್ಕೂಲ್ ಬ್ಯಾಂಡ್ ಬಿಟ್ಟ ಮೇಲೆ ಇಂಥವು ಎಷ್ಟೋ ಮನೆಗಳಲ್ಲಿ ಸುಮ್ನೆ ಬಿದ್ದಿರುತ್ತವೆ. ಅಲ್ಲಿ ಅಕ್ಕನೋ ಚಿಕ್ಕಪ್ಪನೋ ಇದ್ದರೆ ಈಗಲೇ ಹೇಳಿಡಿ. ಕ್ಯಾಬಿನ್ ಬ್ಯಾಗಿನಲ್ಲಿ ಹಿಡಿಸುತ್ತದೆ. ಗ್ರೆನಡಿಲ್ಲಾ ಮರ 2017ರ ಜನವರಿಯಲ್ಲಿ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದಾಗ ಕಾಗದಪತ್ರದ ಗೋಳಿತ್ತು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ಅದರಿಂದ ವಿನಾಯಿತಿ ಇದೆ.

ಹಳೆಯದರಲ್ಲಿ ಇನ್ನೊಂದು ಬಲೆ. ಬ್ರಿಟಿಷರ ಕಾಲದ ಮಿಲಿಟರಿ ಬ್ಯಾಂಡ್‌ಗಳು ಈಗಿನದಕ್ಕಿಂತ ಏರು ಶ್ರುತಿಯಲ್ಲಿ ನುಡಿಸುತ್ತಿದ್ದವು. ಈಗ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ, ಆಗ ಸುಮಾರು 452. ಆ ಕಾಲದ ವಾದ್ಯ ತಾತನ ಪೆಟ್ಟಿಗೆಯಿಂದ ಬಂದರೆ ಎಷ್ಟು ಚೆಂದವಿದ್ದರೂ ಕೀಬೋರ್ಡಿನ ಜೊತೆ ಸೇರುವುದಿಲ್ಲ. ಎಚ್‌ಪಿ (ಹೈ ಪಿಚ್, ಅಂದರೆ ಏರು ಶ್ರುತಿ) ಎಂಬ ಅಚ್ಚು ಇದೆಯಾ ನೋಡಿ. ಅಚ್ಚಿಲ್ಲದಿದ್ದರೆ ಮೌತ್‌ಪೀಸ್ ಬಿಟ್ಟು ಅಳೆಯಿರಿ. ಈಗಿನ ಬಿ ಫ್ಲ್ಯಾಟ್ ವಾದ್ಯ 59ರಿಂದ 60 ಸೆಂಟಿಮೀಟರ್ ಇರುತ್ತದೆ. 57ರ ಆಸುಪಾಸು ಬಂದರೆ ಅನುಮಾನಪಡಿ.

ಈಗ ಮುಖ್ಯ ಕೆಲಸ, ಕೈಗೆತ್ತಿಕೊಂಡು ನೋಡುವುದು. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ನಿಧಾನ ಮಾಡಿ.

ಮೊದಲು ಬಿರುಕು. ವಾದ್ಯವನ್ನು ಬಿಚ್ಚಿ ಮೇಲಿನ ಜಾಯಿಂಟ್ (ಕೊಳವೆಯ ಮೇಲಿನ ಅರ್ಧ) ಒಂದನ್ನೇ ಕೈಯಲ್ಲಿ ಹಿಡಿಯಿರಿ. ಟಾರ್ಚನ್ನು ನೇರವಾಗಿ ಬಿಡಬೇಡಿ, ಓರೆಯಾಗಿ ಬಿಡಿ, ಆಗ ನೆರಳು ಬೀಳುತ್ತದೆ. ಬ್ಯಾರೆಲ್ (ಮೌತ್‌ಪೀಸ್ ಕೂರುವ ಗಿಡ್ಡ ತುಂಡು) ಸೇರುವ ತುದಿಯಿಂದ ಶುರು ಮಾಡಿ, ಪಕ್ಕದ ಟ್ರಿಲ್ ಕೀಗಳ ರಂಧ್ರಗಳ ಸುತ್ತ, ಹಿಂಬದಿಯ ರಿಜಿಸ್ಟರ್ ಕೀ (ಮೇಲಿನ ಸ್ವರಗಳಿಗೆ ಹೆಬ್ಬೆರಳಿನಲ್ಲಿ ಒತ್ತುವುದು) ಹತ್ತಿರ ನೋಡಿ. ಬಿಸಿ ಉಸಿರು ಮೊದಲು ಬಡಿಯುವುದು ಈ ಭಾಗಕ್ಕೆ. ಒಳಗೋಡೆ ಉಬ್ಬುತ್ತದೆ, ಹೊರಗಿನದು ತಣ್ಣಗೆ ಒಣಗಿಯೇ ಇರುತ್ತದೆ, ಆ ಎಳೆದಾಟದಲ್ಲಿ ಮರ ಸೀಳುತ್ತದೆ. ಮರದ ಎಳೆಗೂ ಬಿರುಕಿಗೂ ವ್ಯತ್ಯಾಸ ತಿಳಿಯಲು ಉಗುರು ಅಡ್ಡ ಎಳೆಯಿರಿ. ಎಳೆಯಾದರೆ ಜಾರುತ್ತದೆ, ಬಿರುಕಾದರೆ ಸಿಕ್ಕಿಕೊಳ್ಳುತ್ತದೆ. ಗೆರೆ ರಂಧ್ರದ ಒಳಗೂ ಇಳಿದಿದ್ದರೆ ಮಾತೇ ಬೇಡ, ವಾಪಸ್ ಕೊಡಿ.

ನನ್ನ ಕಥೆ ಇಲ್ಲೇ. ನಾನು ಕೊಂಡದ್ದು ಎಣ್ಣೆ ಹಚ್ಚಿ ಕನ್ನಡಿಯ ಹಾಗೆ ಮಾಡಿಟ್ಟಿದ್ದ ವಾದ್ಯ. ಎಷ್ಟು ಜೋಪಾನ ಮಾಡಿದ್ದಾರೆ ಪಾಪ ಅಂದುಕೊಂಡೆ. ಹದಿನೈದು ದಿನಕ್ಕೆ ಎಣ್ಣೆ ಆರಿತು, ಒಳಗೆ ಅಂಟು ತುಂಬಿ ಕರಿ ಬಣ್ಣ ಬಳಿದಿದ್ದ ಎರಡು ಇಂಚಿನ ಬಿರುಕು ಎದ್ದು ಬಂತು. ಮಾರಿದವರು ಫೋನ್ ಎತ್ತಲಿಲ್ಲ. ಅಂದಿನಿಂದ ನಾನು ಬಿಳಿ ಬಟ್ಟೆಯ ಚೂರೊಂದನ್ನು ಜೊತೆಗೆ ಒಯ್ಯುತ್ತೇನೆ. ಸ್ವಲ್ಪ ಒದ್ದೆ ಮಾಡಿ ಒರೆಸಿದರೆ ಎಣ್ಣೆ ಹೋಗುತ್ತದೆ, ಬಣ್ಣ ಬಳಿದ ಸಾದಾ ಮರವಾದರೆ ಬಟ್ಟೆ ಕಪ್ಪಾಗುತ್ತದೆ. ಒಂದು ಮಾತು ನೆನಪಿರಲಿ, ರಿಪೇರಿಯಾದ ಬಿರುಕೆಲ್ಲ ಕೆಟ್ಟದ್ದಲ್ಲ. ಗೆರೆಯ ಅಕ್ಕಪಕ್ಕ ಸಣ್ಣ ಚುಕ್ಕೆಗಳು ಕಂಡರೆ ಯಾರೋ ಕಸುಬು ಗೊತ್ತಿದ್ದವರು ಅಡ್ಡ ಪಿನ್ ಹಾಕಿದ್ದಾರೆ ಅಂತ ಅರ್ಥ. ಮಾರುವವರು ಅದನ್ನು ತಾವಾಗಿ ಹೇಳಿ ಬೆಲೆ ಇಳಿಸಿದರೆ ನಾನೂ ಕೊಳ್ಳುತ್ತೇನೆ. ಮುಚ್ಚಿಟ್ಟರೆ ಬೇಡ.

ಮುಂದೆ ಗಾಳಿ ಸೋರಿಕೆ. ಮೇಲಿನ ಜಾಯಿಂಟಿನ ಹೆಬ್ಬೆರಳ ರಂಧ್ರ ಮತ್ತು ಮುಂದಿನ ಮೂರು ರಂಧ್ರ ಮುಚ್ಚಿ. ಕೆಳತುದಿಗೆ ಇನ್ನೊಂದು ಅಂಗೈ ಒತ್ತಿ. ಮೇಲಿನ ತುದಿಗೆ ಬಾಯಿಟ್ಟು ಗಾಳಿ ಹೀರಿ. ಮೂರು ನಾಲ್ಕು ಸೆಕೆಂಡ್ ಬಿಗಿ ಹಿಡಿದು, ಬಿಟ್ಟಾಗ ಪೊಪ್ ಅಂತ ಸದ್ದಾಗಬೇಕು. ಸುಯ್ ಅಂದರೆ ಸೋರುತ್ತಿದೆ. ಪ್ಯಾಡ್ ಹಳೆಯದಾಗಿ ಸೋರಿದರೆ ರಿಪೇರಿ ಆಗುತ್ತದೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಕೀಗಳು ಅಲುಗಾಡುತ್ತವಾ, ಜಾಯಿಂಟ್ ಸೇರಿಸಿದಾಗ ನಡುವೆ ಕುಲುಕುತ್ತದಾ ಅಂತ ನೋಡಿದರೆ ಕೈಯ ಕೆಲಸ ಮುಗಿಯಿತು.

ಈಗ ಕಿವಿಯ ಕೆಲಸ. ನಿಮ್ಮದೇ ಮೌತ್‌ಪೀಸ್, ನಿಮ್ಮದೇ ಪಳಗಿದ ರೀಡ್ ಹಾಕಿ. ಹತ್ತು ನಿಮಿಷ ಊದಿ ಬಿಸಿ ಮಾಡಿ, ತಣ್ಣಗಿನ ವಾದ್ಯ ಇಳಿ ಶ್ರುತಿಯಲ್ಲೇ ಇರುತ್ತದೆ. ಜೊತೆಗೆ ಒಬ್ಬ ಸ್ನೇಹಿತ ಇರಲಿ. ಟ್ಯೂನರ್ ಆ್ಯಪ್ ಅವನ ಕೈಯಲ್ಲಿರಲಿ, ನೀವು ನೋಡಲೇಬೇಡಿ. ಮುಳ್ಳು ನೋಡುತ್ತಾ ಊದಿದರೆ ತುಟಿ ನಮಗೇ ಗೊತ್ತಿಲ್ಲದೆ ಸ್ವರವನ್ನು ಎಳೆದು ಸರಿ ಮಾಡಿಬಿಡುತ್ತದೆ. ವಾದ್ಯ ಚೆನ್ನಾಗಿದೆ ಅಂತ ಅಂಗಡಿಯಲ್ಲಿ ಮೋಸ ಹೋಗುವುದು ಹೀಗೆ. ಕಣ್ಣು ಮುಚ್ಚಿ, ನೇರವಾಗಿ ಊದಿ, ಅವನು ಬರೆದುಕೊಳ್ಳಲಿ.

ಏನು ಊದಬೇಕು? ಜೋಡಿ ಸ್ವರ. ಕೊಳಲಿನಲ್ಲಿ ಅದೇ ಬೆರಳಿಟ್ಟು ಜೋರಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಕ್ಲಾರಿನೆಟ್‌ನಲ್ಲಿ ಹಾಗಲ್ಲ, ಸ ಹಿಡಿದು ರಿಜಿಸ್ಟರ್ ಕೀ ಒತ್ತಿದರೆ ಬರುವುದು ಮೇಲಿನ ಸ್ಥಾಯಿಯ ಪ. ಒಂದು ತುದಿ ಮುಚ್ಚಿದ ನೇರ ಕೊಳವೆಯ ಸ್ವಭಾವ ಅದು. ಈ ಸ ಪ ಜೋಡಿ ಎಲ್ಲ ಬೆರಳುಗಳಲ್ಲೂ ಸರಿಯಾಗಿ ಸೇರಬೇಕು. ತಯಾರಕರಿಗೆ ಇದೇ ತಲೆನೋವು, ಅಗ್ಗದ ವಾದ್ಯ ಸಿಕ್ಕಿಬೀಳುವುದೂ ಇಲ್ಲೇ. ಕೆಳಗಿನ ಎಫ್ ಊದಿ, ಬೆರಳು ಎತ್ತದೆ ಮೇಲಿನ ಸಿ. ಕೆಳಗಿನ ಸಿ, ಹಾಗೇ ಮೇಲಿನ ಜಿ. ಹೀಗೆ ಐದಾರು ಜೋಡಿ. ಕೀಬೋರ್ಡಿನಲ್ಲಿ (ಕಪ್ಪು, ಬಿಳಿ ಎರಡೂ ಸೇರಿ) ಪಕ್ಕಪಕ್ಕದ ಎರಡು ಸ್ವರಗಳ ಅಂತರವನ್ನು 100 ಸೆಂಟ್ಸ್ ಅನ್ನುತ್ತಾರೆ. ಜೋಡಿಯೊಳಗೆ 10 ಸೆಂಟ್ಸ್ ಆಚೀಚೆ ಆದರೆ ತುಟಿಯಲ್ಲಿ ಸರಿ ಮಾಡಿಕೊಳ್ಳಬಹುದು. 20 ದಾಟಿದರೆ ನಾನು ಪೆಟ್ಟಿಗೆ ಮುಚ್ಚಿ ಎದ್ದು ಬರುತ್ತೇನೆ, ಯಾವ ಹೆಸರಿನ ವಾದ್ಯವಾದರೂ ಸರಿ. ಇಡೀ ವಾದ್ಯವೇ ಒಂದೇ ಸಮ ಏರು ಶ್ರುತಿಯಲ್ಲಿದ್ದರೆ ಗಾಬರಿ ಬೇಡ, ಬ್ಯಾರೆಲ್ ಒಂಚೂರು ಹೊರಗೆಳೆದರೆ ಸರಿ ಹೋಗುತ್ತದೆ. ಆಮೇಲೆ ನಡುವಿನ ಜಿ, ಎ, ಬಿ ಫ್ಲ್ಯಾಟ್ ಊದಿ. ಇವು ಎಲ್ಲ ಕ್ಲಾರಿನೆಟ್‌ನಲ್ಲೂ ಸ್ವಲ್ಪ ಬಡಕಲೇ. ತೀರಾ ಸತ್ತು ಹೋಗಿರಬಾರದು ಅಷ್ಟೆ.

ಇಷ್ಟಕ್ಕೆ ಅರ್ಧ ಗಂಟೆ ಬೇಕು. ಅರ್ಧ ಗಂಟೆ ಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ತಂದ ಮೇಲೆ. ಹೊಸ ಮರ, ಅಥವಾ ವರ್ಷಗಟ್ಟಲೆ ಯಾರೂ ಊದದ ಹಳೆಯ ಮರ, ಎರಡಕ್ಕೂ ಒಂದೇ ಪಥ್ಯ. ಮೊದಲ ವಾರ ದಿನಕ್ಕೆ 15 ನಿಮಿಷ, ಎರಡನೇ ವಾರ ಅರ್ಧ ಗಂಟೆ, ಹಾಗೇ ನಿಧಾನವಾಗಿ ಏರಿಸಿ. ಮೊದಲ ದಿನವೇ ಮೂರು ಗಂಟೆ ಮದುವೆ ಬ್ಯಾಂಡಿಗೆ ಒಯ್ದು ಒಡೆದುಕೊಂಡವರನ್ನು ನೋಡಿದ್ದೇನೆ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಕಲಬುರಗಿಯ ಏಪ್ರಿಲ್ ಅಥವಾ ಏಸಿ ರೂಮು, ಎರಡೂ ಮರವನ್ನು ಒಣಗಿಸುತ್ತವೆ. ತೇವಕ್ಕೆ ಅಂತ ಪೆಟ್ಟಿಗೆಯಲ್ಲಿ ಕಿತ್ತಳೆ ಸಿಪ್ಪೆ ಇಡುವ ಉಪಾಯ ಹೇಳುತ್ತಾರೆ. ಬೇಡ, ಬೂಸಲು ಬಂದು ಪ್ಯಾಡ್ ಹಾಳಾಗುತ್ತದೆ. ವಾದ್ಯಕ್ಕೆಂದೇ ಸಿಗುವ ತೇವದ ಪೊಟ್ಟಣ ಸಾಕು. ಮಂಗಳೂರಿನ ಮಳೆಗಾಲದಲ್ಲಿ ಕಥೆ ಉಲ್ಟಾ, ಜಾಯಿಂಟ್ ಉಬ್ಬಿ ಕಚ್ಚಿಕೊಳ್ಳುತ್ತದೆ. ಆಗ ಇಕ್ಕಳ ಹುಡುಕಬೇಡಿ, ತಿರುಚಲೂ ಹೋಗಬೇಡಿ. ಹಾಗೇ ಒಂದು ದಿನ ಒಣ ಜಾಗದಲ್ಲಿಡಿ. ತಾನಾಗಿ ಸಡಿಲವಾಗುತ್ತದೆ. ಆಗದಿದ್ದರೆ ರಿಪೇರಿಯವರಿಗೆ ಕೊಡಿ, ಆ ಒಂದೂವರೆ ರೂಪಾಯಿ ಎತ್ತಿಟ್ಟಿದ್ದು ಇದಕ್ಕೇ ಅಲ್ವಾ.