ಬಾಳೆಕಾಯಿ ಚಿಪ್ಸ್ ಪೊಟ್ಟಣಕ್ಕೆ ಗಂಜಿ ಲೇಪ

ಶಿರಸಿಯ ನಮ್ಮ ಅಂಗಡಿಯಲ್ಲಿ ಚಿಪ್ಸ್ ಕೊಡುವುದು ಕಾಗದದ ಪೊಟ್ಟಣದಲ್ಲೇ. ಎಣ್ಣೆ ತಡೆಯಲು ಪ್ಲಾಸ್ಟಿಕ್ ಪದರ ಬೇಡ, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುವ ಫ್ಲೋರಿನ್ ರಾಸಾಯನಿಕವಂತೂ ಬೇಡವೇ ಬೇಡ. ಮರಗೆಣಸಿನ ಪಿಷ್ಟ ಸಾಕು.

ಕಾಗದ ಆಹಾರಕ್ಕೆಂದೇ ಮಾಡಿದ ಕ್ರಾಫ್ಟ್, ಅಂದರೆ ಗಟ್ಟಿ ಕಂದು ಕಾಗದ, ಆಗಿರಲಿ. ಮರುಬಳಕೆಯದ್ದರಲ್ಲಿ ಹಳೇ ಶಾಯಿಯ ಅಂಶ ಉಳಿದಿರಬಹುದು. ಅರ್ಧ ಲೀಟರ್ ತಣ್ಣೀರಿಗೆ 25 ಗ್ರಾಂ ಪಿಷ್ಟ, 7 ಗ್ರಾಂ ಆಹಾರ ದರ್ಜೆಯ ಗ್ಲಿಸರಿನ್ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಹಾಲಿನಂಥ ಬಿಳುಪು ಹೋಗಿ, ತಿಳಿಯಾಗಿ, ಸೌಟಿನಿಂದ ಎಳೆ ಎಳೆಯಾಗಿ ಇಳಿಯತೊಡಗಿದಾಗ ಒಲೆ ಆರಿಸಿ. ಗ್ಲಿಸರಿನ್ ಉಳಿಸಲು ಹೋಗಬೇಡಿ. ಅದಿಲ್ಲದಿದ್ದರೆ ಮಡಚಿದಲ್ಲಿ ಲೇಪ ಬಿರಿಯುತ್ತದೆ, ಎಣ್ಣೆ ಮೊದಲು ನುಗ್ಗುವುದೇ ಅಲ್ಲಿ.

ಉಗುರುಬೆಚ್ಚಗಿರುವಾಗ ಅಗಲ ಬ್ರಶ್ಶಿನಿಂದ ತೆಳ್ಳಗೆ ಉದ್ದಕ್ಕೆ ಬಳಿಯಿರಿ. ಒಣಗಿದ ಮೇಲೆ ಅಡ್ಡಕ್ಕೆ ಇನ್ನೊಂದು ಸಲ. ಕಾಗದ ಸುರುಳಿಗಟ್ಟುತ್ತದೆ, ಮೂಲೆಗಳಿಗೆ ಕ್ಲಿಪ್ ಹಾಕಿ. ನಮ್ಮ ಮಳೆಗಾಲದಲ್ಲಿ ಫ್ಯಾನೇ ಗತಿ.

ಒಂದು ಹಾಳೆ ಮಡಚಿ, ಬಿಡಿಸಿ, ಆ ಗೆರೆಯ ಮೇಲೆ ಕೊಬ್ಬರಿ ಎಣ್ಣೆ ಹನಿಸಿ. ಅರ್ಧ ಗಂಟೆ ಬಿಟ್ಟು ಹಿಂಬದಿಯಲ್ಲಿ ಕಲೆ ಕಂಡರೆ ಮತ್ತೊಂದು ಪದರ ಬೇಕು.

ಇದು ಎಣ್ಣೆ ತಡೆದೀತು, ಹಬೆಯನ್ನಲ್ಲ. ಬಿಸಿ ಬಜ್ಜಿಗೆ ಆಗದು. ಗಂಜಿಯ ಬದಲು ಜೇನುಮೇಣ ಬಳಿದರೂ ಬಿಸಿಗೆ ನಿಲ್ಲದು, ಅದು ಸುಮಾರು 62–64 ಡಿಗ್ರಿಗೇ ಕರಗುತ್ತದೆ. ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಒಳ್ಳೆಯ ಲೇಪವೇ, ಕಾರವಾರದವರಿಗೆ ಸಿಗಡಿಗೇನು ಬರ? ನಮ್ಮ ಗಿರಾಕಿಗಳು ಹೆಚ್ಚಿನವರು ಸಸ್ಯಾಹಾರಿಗಳು, ನಾನು ಅದಕ್ಕೆ ಕೈ ಹಾಕಿಲ್ಲ.

ಲೇಪ ಬಳಿದ ಹಾಳೆಗಳನ್ನು ಮುಚ್ಚಳದ ಡಬ್ಬಿಯಲ್ಲಿಡಿ. ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ.